ಮೂರೂವರೆ ವರ್ಷ ಗ್ಯಾಪ್ ಇರುವ ಅಕೌಂಟ್ಸ್ ರೆಸ್ಯೂಮ್: ಎಲ್ಲಿ ತಪ್ಪುತ್ತಿದ್ದೇನೆ?

ಬಾಗಲಗುಂಟೆ_ಬಿಕಾಂ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಊರು ಹರಿಹರ. ದಾವಣಗೆರೆಯಲ್ಲಿ ಬಿಕಾಂ ಮುಗಿಸಿದ್ದು 2017ರಲ್ಲಿ. ಆ ವರ್ಷ ಜುಲೈನಲ್ಲೇ ಜಿಎಸ್‌ಟಿ ಬಂತು. ಆಡಿಟರ್ ಆಫೀಸುಗಳಲ್ಲಿ ಕೆಲಸ ಮಾಡುವವರು ಸಾಲದೆ ಹುಡುಕುತ್ತಿದ್ದರು, ನನಗೆ ಬೇಗ ಕೆಲಸ ಸಿಕ್ಕಿತು. ನಾಲ್ಕೂವರೆ ವರ್ಷ ಅಲ್ಲೇ ಇದ್ದೆ. 2022ರ ಮಾರ್ಚ್‌ನಲ್ಲಿ, ಹೆರಿಗೆಗೆ ಮುಂಚೆ ಬಿಟ್ಟೆ.

ಈಗ ನಮ್ಮವರ ಕೆಲಸದ ಸಲುವಾಗಿ ಬೆಂಗಳೂರಿಗೆ ಬಂದಿದ್ದೇವೆ. ಮನೆ ಬಾಗಲಗುಂಟೆ. ಮಗಳನ್ನು ಪ್ರೀ ಕೆಜಿಗೆ ಸೇರಿಸಿದ್ದೇನೆ, ಅತ್ತೆಯವರೂ ಜೊತೆಯಲ್ಲಿದ್ದಾರೆ. ಹಾಗಾಗಿ ಮತ್ತೆ ಕೆಲಸಕ್ಕೆ ಹೋಗಬೇಕು ಅಂತ ಎರಡು ತಿಂಗಳಿಂದ ಅರ್ಜಿ ಹಾಕುತ್ತಿದ್ದೇನೆ. 40ಕ್ಕೂ ಜಾಸ್ತಿ ಕಡೆ ಕಳಿಸಿದ್ದೇನೆ. ಇಲ್ಲಿವರೆಗೆ ಒಂದು ಫೋನ್ ಬಂದಿದೆ. ಅದರಲ್ಲೂ "2022ರಿಂದ ಏನು ಮಾಡ್ತಿದ್ದೀರಿ" ಅಂತ ಕೇಳಿ, "ಸರಿ ತಿಳಿಸ್ತೀವಿ" ಅಂದು ಇಟ್ಟರು.

ರೆಸ್ಯೂಮನ್ನು ನಮ್ಮ ರಸ್ತೆಯ ಸೈಬರ್ ಸೆಂಟರಿನಲ್ಲಿ ಮಾಡಿಸಿದ್ದು. ಎರಡು ಪುಟ. ಮೇಲೆ ಫೋಟೋ, ಆಮೇಲೆ ಆಬ್ಜೆಕ್ಟಿವ್, ಎಸ್ಸೆಸ್ಸೆಲ್ಸಿಯಿಂದ ಬಿಕಾಂವರೆಗಿನ ಮಾರ್ಕ್ಸ್ ಟೇಬಲ್. ಕೆಲಸದ ಬಗ್ಗೆ ಇರುವುದು ಮೂರೇ ಸಾಲು. ರೆಸ್ಯೂಮ್ ಇಂಗ್ಲಿಷಿನಲ್ಲಿದೆ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ (ಟಿಡಿಎಸ್ ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ, ಟ್ಯಾಲಿ ಅಂದರೆ ಲೆಕ್ಕದ ಸಾಫ್ಟ್‌ವೇರ್):

"ಅಕೌಂಟ್ಸ್ ಅಸಿಸ್ಟೆಂಟ್ ಆಗಿ ಕೆಲಸ ಮಾಡಿದ್ದೇನೆ. ಜಿಎಸ್‌ಟಿ ಮತ್ತು ಟಿಡಿಎಸ್ ಕೆಲಸ ನೋಡಿಕೊಳ್ಳುತ್ತಿದ್ದೆ. ಟ್ಯಾಲಿ, ಎಕ್ಸೆಲ್ ಚೆನ್ನಾಗಿ ಬರುತ್ತದೆ."

ಕೆಳಗೆ ತಂದೆ ಹೆಸರು, ಗಂಡನ ಹೆಸರು, ಜಾತಿ, ಆಧಾರ್ ನಂಬರ್, ಹವ್ಯಾಸ, ಡಿಕ್ಲರೇಷನ್, ಸಹಿ.

ಇನ್ನೊಂದು ವಿಷಯ. ಮನೆಯಲ್ಲಿದ್ದಾಗ ಮೈದುನನ ಹಾರ್ಡ್‌ವೇರ್ ಅಂಗಡಿ ಬಿಲ್ಲುಗಳನ್ನು ನಾನೇ ಟ್ಯಾಲಿಗೆ ಹಾಕಿಕೊಡುತ್ತಿದ್ದೆ, ಈಗಲೂ ಹಾಕುತ್ತೇನೆ. ಅದು ಮನೆ ಕೆಲಸ ಅಂತ ಬರೆದಿಲ್ಲ. ಗ್ಯಾಪ್ ಬಗ್ಗೆ ಏನು ಬರೆಯಬೇಕು, ಬರೆಯದೆ ಬಿಡಬೇಕಾ ಗೊತ್ತಾಗುತ್ತಿಲ್ಲ. ದಯವಿಟ್ಟು ಗೊತ್ತಿರುವವರು ಹೇಳಿ.

---

ಮಂಜು_ಯಶವಂತಪುರ:

ಮೇಡಂ, ಗ್ಯಾಪ್ ಕಂಡರೆ ಯಾರೂ ಕರೆಯಲ್ಲ. ನನ್ನ ಫ್ರೆಂಡ್ ಒಬ್ಬ ಹಳೇ ಆಫೀಸಿನ ತಾರೀಖನ್ನೇ ಮುಂದಕ್ಕೆ ಹಾಕಿಕೊಂಡ. ನೀವೂ 2025ರವರೆಗೆ ಅಲ್ಲೇ ಇದ್ದೆ ಅಂತ ಹಾಕಿ. ಆಡಿಟರ್ ಪರಿಚಯದವರೇ ಅಲ್ವಾ, ಒಂದು ಲೆಟರ್ ಕೊಡ್ತಾರೆ.

---

ಲೆಡ್ಜರ್_ಅಕ್ಕ:

ಮಂಜು, ಒಳ್ಳೆ ಮನಸ್ಸಿನಿಂದ ಹೇಳಿದ್ದೀರಿ, ಆದರೆ ಅದನ್ನು ಮಾತ್ರ ಮಾಡಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಪೀಣ್ಯ ಎರಡನೇ ಹಂತದಲ್ಲಿ ಒಂದು ಶೀಟ್ ಮೆಟಲ್ ಕಾರ್ಖಾನೆಯ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಈ ಕೆಲಸಕ್ಕೆ ಬಂದು 19 ವರ್ಷ. ನಮ್ಮಂಥ ಸಣ್ಣ ಕಡೆ ಎಚ್‌ಆರ್ ಅಂತ ಬೇರೆ ಜನ ಇರುವುದಿಲ್ಲ. ಅಸಿಸ್ಟೆಂಟ್ ಬೇಕು ಅಂದರೆ ರೆಸ್ಯೂಮ್ ಓದುವವಳು ನಾನೇ. ಕಳೆದ ಸಲ 84 ಬಂದವು. ಪ್ರಿಂಟ್ ತೆಗೆದುಕೊಂಡು ಎರಡು ದಿನ ಊಟದ ಹೊತ್ತಿನಲ್ಲಿ ಕೂತು ಓದಿದೆ. ಜಾಸ್ತಿ ರೆಸ್ಯೂಮುಗಳಲ್ಲಿ ನಿಮ್ಮದೇ ಮೂರು ಸಾಲು ಇತ್ತಮ್ಮ. "ಜಿಎಸ್‌ಟಿ ಕೆಲಸ ನೋಡಿಕೊಳ್ಳುತ್ತಿದ್ದೆ." ನೋಡಿಕೊಳ್ಳುವುದು ಅಂದರೆ ಏನು? ಬಿಲ್ ಜೋಡಿಸಿ ಇಡುವುದೂ ಅದೇ, ರಿಟರ್ನ್ ಫೈಲ್ ಮಾಡುವುದೂ ಅದೇ. ಓದುವವರಿಗೆ ಗೊತ್ತಾಗುವುದಿಲ್ಲ.

ಅವತ್ತು ಗುಬ್ಬಿ ಕಡೆಯ ಒಬ್ಬ ಹುಡುಗನ ರೆಸ್ಯೂಮ್ ಒಂದೇ ಪುಟ. ಅದರಲ್ಲಿ "ತಿಂಗಳಿಗೆ ಸುಮಾರು 300 ಪರ್ಚೇಸ್ ಬಿಲ್ ಎಂಟ್ರಿ, ಪ್ರತಿ ತಿಂಗಳು 14ಕ್ಕೆ 2ಬಿ ಡೌನ್‌ಲೋಡ್ ಮಾಡಿ ಎಕ್ಸೆಲ್‌ನಲ್ಲಿ ಮ್ಯಾಚ್ ಮಾಡುವುದು, ಬಾರದ ಬಿಲ್ಲಿಗೆ ಸಪ್ಲೈಯರ್‌ಗೆ ಫೋನ್ ಮಾಡುವುದು" ಅಂತ ಇತ್ತು. ಕೈಯಲ್ಲಿದ್ದ ತುತ್ತು ಹಾಗೇ ಇಟ್ಟು ಆ ಹಾಳೆ ಬೇರೆ ತೆಗೆದಿಟ್ಟೆ. ಈ ಕೆಲಸ ಮಾಡದವರು ಆ ಸಾಲು ಬರೆಯಲು ಆಗುವುದಿಲ್ಲ. 2ಬಿ ಅಂದರೆ ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳ ಪಟ್ಟಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುತ್ತದೆ. ಸಪ್ಲೈಯರ್ ಬಿಲ್ ಹಾಕಿಲ್ಲ ಅಂದರೆ ನಮಗೆ ಇನ್‌ಪುಟ್, ಅಂದರೆ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯ ಕಡಿತ, ಸಿಗುವುದಿಲ್ಲ, ಅದಕ್ಕೆ ಫೋನ್ ಮಾಡಿ ಕಾಡಬೇಕು. ಅದು ಗೊತ್ತಿರುವವನು ಬೇಕಿತ್ತು ನನಗೆ. ಈಗ ಆ ಹುಡುಗ ನನ್ನ ಪಕ್ಕದ ಟೇಬಲ್ಲಿನಲ್ಲೇ ಕೂರುತ್ತಾನೆ.

ಹಾಗಾಗಿ ನೀವು ಮೊದಲು ಕಂಪ್ಯೂಟರ್ ಮುಂದೆ ಕೂರಬೇಡಿ. ಒಂದು ನೋಟ್‌ಬುಕ್ ತಗೊಳ್ಳಿ. ದಾವಣಗೆರೆ ಆಫೀಸಿನ ಒಂದು ತಿಂಗಳನ್ನು ನೆನಪು ಮಾಡಿಕೊಳ್ಳಿ, 1ನೇ ತಾರೀಖಿನಿಂದ ಕೊನೇ ತಾರೀಖಿನವರೆಗೆ. ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್ ಆಮೇಲೆ ನೋಡೋಣ. 7ಕ್ಕೆ ಟಿಡಿಎಸ್ ಕಟ್ಟಬೇಕು. ಚಲನ್ ಮಾಡುತ್ತಿದ್ದವರು ಯಾರು, ನೀವಾ? 11ಕ್ಕೆ ಜಿಎಸ್‌ಟಿಆರ್-1, ಮಾರಾಟದ ರಿಟರ್ನ್. ಅದಕ್ಕೆ ಪಾರ್ಟಿಗಳಿಂದ (ಆಫೀಸಿಗೆ ಲೆಕ್ಕ ಕೊಡುವ ವ್ಯಾಪಾರಿಗಳಿಂದ) ಸೇಲ್ಸ್ ಬಿಲ್ ತರಿಸಿಕೊಳ್ಳುತ್ತಿದ್ದುದು ಹೇಗೆ? ಬಂಡಲ್ ಕಟ್ಟಿ ಕಳಿಸುತ್ತಿದ್ದರಾ, ವಾಟ್ಸಾಪ್ ಫೋಟೋನಾ? 14ಕ್ಕೆ 2ಬಿ. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ 3ಬಿ, ಅಂದರೆ ಜಿಎಸ್‌ಟಿ ಕಟ್ಟುವ ರಿಟರ್ನ್, ಅವತ್ತೇ ಪ್ರೊಫೆಷನಲ್ ಟ್ಯಾಕ್ಸ್. ಮೂರು ತಿಂಗಳಿಗೊಮ್ಮೆ ಫೈಲ್ ಮಾಡುವ ಸಣ್ಣ ಪಾರ್ಟಿಗಳು ಎಷ್ಟು ಜನ ಇದ್ದರು? ವರ್ಷಕ್ಕೊಮ್ಮೆ ಆಡಿಟ್ ಹೊತ್ತಿನಲ್ಲಿ ನೀವು ಏನು ಮಾಡುತ್ತಿದ್ದಿರಿ? ಪ್ರತಿ ತಾರೀಖಿನ ಮುಂದೆ "ನಾನು" ಅಂತ ಶುರು ಮಾಡಿ ಒಂದು ಸಾಲು. ನೀವು ಮಾಡದೆ ಪಕ್ಕದವರು ಮಾಡಿದ್ದನ್ನು ಬರೆಯಬೇಡಿ.

ಆಮೇಲೆ ಎಣಿಕೆ. ಎಷ್ಟು ಪಾರ್ಟಿ, ತಿಂಗಳಿಗೆ ಎಷ್ಟು ಬಿಲ್, ಎಷ್ಟು ಬ್ಯಾಂಕ್ ಖಾತೆಗೆ ಬಿಆರ್‌ಎಸ್ (ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಮ್ಮ ಲೆಕ್ಕಕ್ಕೂ ತಾಳೆ ನೋಡುವುದು). ಒಂದೊಂದೂ ಪಕ್ಕಾ ನೆನಪಿಲ್ಲದಿದ್ದರೆ "ಸುಮಾರು" ಅಂತ ಹಾಕಿ, ತಪ್ಪಿಲ್ಲ. ನಿಮ್ಮ ಪಾರ್ಟಿಗಳಲ್ಲಿ ಎಷ್ಟು ಸಲ ಲೇಟ್ ಫೀ ಬಿತ್ತು ಅನ್ನುವುದೂ ನೆನಪು ಮಾಡಿಕೊಳ್ಳಿ. ದಿನಕ್ಕೆ 50 ರೂಪಾಯಿ ಸಣ್ಣದು ಅನಿಸಬಹುದು, ಆದರೆ ಯಜಮಾನರು ಮೊದಲು ಕೇಳುವುದು ಅದನ್ನೇ.

ಪಾರ್ಟಿಗಳ ಹೆಸರು ಮಾತ್ರ ಹಾಕಬೇಡಿ. ಅದು ಅವರ ಲೆಕ್ಕ, ನಮ್ಮದಲ್ಲ. "ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ಮೆಡಿಕಲ್ ಸ್ಟೋರ್" ಅಂದರೆ ಸಾಕು.

ಈಗ ಮೈದುನನ ಅಂಗಡಿ. ಅದನ್ನು ಯಾಕಮ್ಮ ಬಿಟ್ಟಿರಿ! ನಿಮ್ಮ ಪೋಸ್ಟ್ ಓದುವಾಗ ನನ್ನ ಕಣ್ಣು ನಿಂತದ್ದೇ ಆ ಸಾಲಿನ ಮೇಲೆ. ಸಂಬಳ ಬಂದರೆ ಮಾತ್ರ ಕೆಲಸ ಅಂತ ಅಲ್ಲ. ನೀವು ಆಫೀಸ್ ಬಿಟ್ಟ ಮೇಲೆ ನಮ್ಮ ಕೆಲಸದಲ್ಲಿ ಎಷ್ಟೋ ಬದಲಾಗಿದೆ. 2023ರ ಆಗಸ್ಟ್‌ನಿಂದ 5 ಕೋಟಿ ವಹಿವಾಟು ದಾಟಿದವರಿಗೆಲ್ಲ ಇ-ಇನ್‌ವಾಯ್ಸ್, ಅಂದರೆ ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್, ಬಂತು. 2024ರ ಅಕ್ಟೋಬರ್‌ನಲ್ಲಿ ಪೋರ್ಟಲ್‌ನಲ್ಲಿ ಐಎಂಎಸ್ ಬಂತು, ಸಪ್ಲೈಯರ್ ಹಾಕಿದ ಬಿಲ್ಲನ್ನು ಒಪ್ಪುವುದು, ಬಿಡುವುದು ಎಲ್ಲ ಅಲ್ಲೇ. ಮೊನ್ನೆ 2025ರ ಸೆಪ್ಟೆಂಬರ್ 22ಕ್ಕೆ ದರಗಳೇ ಬದಲಾದವು. ಸಿಮೆಂಟ್ 28ರಿಂದ 18ಕ್ಕೆ ಇಳಿಯಿತಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಮೆಂಟ್ ಇದ್ದೇ ಇರುತ್ತದೆ. ಅವತ್ತು ಟ್ಯಾಲಿಯಲ್ಲಿ ದರ ಬದಲಿಸಿದ್ದು ಯಾರು? ನೀವೇ ಆಗಿದ್ದರೆ, ಮನೆಯಲ್ಲಿ ಸುಮ್ನೆ ಕೂತಿದ್ದೆ ಅಂತ ಹೇಳಬೇಡಿ.

ಗ್ಯಾಪ್ ಬಗ್ಗೆ ಒಂದೇ ಸಾಲು. "2022 ಮಾರ್ಚ್‌ನಿಂದ: ಮಗುವಿನ ಆರೈಕೆ. ಇದೇ ಅವಧಿಯಲ್ಲಿ ಕುಟುಂಬದ ಹಾರ್ಡ್‌ವೇರ್ ಅಂಗಡಿಯ ಲೆಕ್ಕ." ಅದಕ್ಕಿಂತ ವಿವರ ಬೇಡ, ಕ್ಷಮೆ ಕೇಳುವ ಮಾತಂತೂ ಬೇಡವೇ ಬೇಡ.

ಮಂಜು ಹೇಳಿದ ತಾರೀಖಿನ ವಿಷಯ. ಪಿಎಫ್ ಇದ್ದ ಕಡೆ ಆದರೆ ಯುಎಎನ್‌ನಲ್ಲಿ (ನೌಕರರ ಪಿಎಫ್ ನಂಬರ್) ಸೇರಿದ ದಿನ, ಬಿಟ್ಟ ದಿನ ಕಾಣುತ್ತದೆ. ಸಣ್ಣ ಆಡಿಟರ್ ಆಫೀಸಿನಲ್ಲಿ ಪಿಎಫ್ ಇಲ್ಲದಿರಬಹುದು, ಆದರೆ ನಾನು ಒಂದು ಫೋನ್ ಮಾಡಿ ಕೇಳಿಯೇ ಕೇಳುತ್ತೇನೆ. ಅದೂ ಬೇಡ, ಎದುರಿಗೆ ಕೂರಿಸಿ "ಇ-ಇನ್‌ವಾಯ್ಸ್ ಕ್ಯಾನ್ಸಲ್ ಮಾಡಲು ಎಷ್ಟು ಗಂಟೆ ಟೈಮ್" ಅಂತ ಕೇಳಿದರೆ ಸಾಕು. ಮೂರು ವರ್ಷ ದಿನಾ ಮಾಡಿದವರು ಯೋಚನೆ ಮಾಡದೆ 24 ಅಂತಾರೆ. ಹಣದ ಲೆಕ್ಕ ಕೈಗೆ ಕೊಡುವ ಕೆಲಸ ಇದು. ಮೊದಲ ಹಾಳೆಯಲ್ಲೇ ತಾರೀಖು ತಿದ್ದಿದವರಿಗೆ ನಾನು ಚೆಕ್‌ಬುಕ್ ಹೇಗೆ ಕೊಡಲಿ?

---

ಎಚ್‌ಆರ್_ಮೈಸೂರು:

ಅಕ್ಕ ಹೇಳಿದ್ದು ಪೂರ್ತಿ ಸರಿ. ನಾನು ಸ್ವಲ್ಪ ದೊಡ್ಡ ಕಂಪನಿಯಲ್ಲಿ ಇರುವುದರಿಂದ ಆ ಕಡೆಯದು ಸೇರಿಸುತ್ತೇನೆ.

ನಮ್ಮಲ್ಲಿ ರೆಸ್ಯೂಮ್ ಮೊದಲು ಹೋಗುವುದು ಸಾಫ್ಟ್‌ವೇರಿಗೆ. ನೌಕರಿ ಡಾಟ್ ಕಾಮ್‌ನಂಥ ಕಡೆಯೂ ನಾವು ಪದ ಹಾಕಿ ಹುಡುಕುತ್ತೇವೆ: "ಟ್ಯಾಲಿ ಪ್ರೈಮ್", "ಜಿಎಸ್‌ಟಿಆರ್-3ಬಿ", "ಟಿಡಿಎಸ್ ರಿಟರ್ನ್", "26ಕ್ಯೂ" (ಟಿಡಿಎಸ್ ರಿಟರ್ನಿನ ಫಾರ್ಮ್). ಬರೀ "ಟ್ಯಾಕ್ಸ್ ಕೆಲಸ" ಅಂತ ಬರೆದವರು ಆ ಹುಡುಕಾಟದಲ್ಲಿ ಸಿಗುವುದೇ ಇಲ್ಲ. ಕೆಲಸದ ಜಾಹೀರಾತಿನಲ್ಲಿ ಯಾವ ಪದ ಇದೆಯೋ, ಆ ಕೆಲಸ ನಿಮಗೆ ನಿಜವಾಗಿ ಬರುವುದಾದರೆ, ಅದೇ ಪದ ಬಳಸಿ.

ನಿಮ್ಮ ಪಿಡಿಎಫ್ ಒಂದು ಸಲ ಪರೀಕ್ಷೆ ಮಾಡಿ. ಅದನ್ನು ತೆರೆದು ಎಲ್ಲ ಸೆಲೆಕ್ಟ್ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಅಕ್ಷರ ಏನೂ ಬರಲಿಲ್ಲ ಅಂದರೆ ಅದು ಬರೀ ಚಿತ್ರ. ಸೈಬರ್ ಸೆಂಟರಿನಲ್ಲಿ ಸಹಿ ಹಾಕಿಸಿ ಸ್ಕ್ಯಾನ್ ಮಾಡಿ ಕೊಟ್ಟಿದ್ದರೆ ಹೀಗೇ ಆಗಿರುತ್ತದೆ. ಸಾಲುಗಳು ಹಿಂದುಮುಂದಾಗಿ ಬಂದರೆ ಟೇಬಲ್ಲು, ಎರಡು ಕಾಲಂ ಇರುವುದರಿಂದ ಅಂತ ಅರ್ಥ. ಸಾದಾ ಒಂದೇ ಕಾಲಮಿನಲ್ಲಿ ಟೈಪ್ ಮಾಡಿ ವರ್ಡ್‌ನಿಂದಲೇ ಪಿಡಿಎಫ್ ಮಾಡಿ.

ಆಧಾರ್ ನಂಬರ್ ಇವತ್ತೇ ತೆಗೆಯಿರಿ. 40 ಕಡೆ ಹೋಗಿದೆ ಅಂದಿರಿ, ಅದು ಯಾರ ಯಾರ ಕೈಗೆ ಹೋಗುತ್ತದೋ. ಆಧಾರ್‌ನ ಅಧಿಕೃತ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು, ಅದನ್ನೂ ಮಾಡಿಕೊಳ್ಳಿ. ಜಾತಿ, ತಂದೆ ಹೆಸರು, ಗಂಡನ ಹೆಸರು, ಫೋಟೋ ಬೇಡ. ಡಿಕ್ಲರೇಷನ್ ಕೂಡ ಬೇಡ, ಜಾಗ ತಿನ್ನುತ್ತದೆ ಅಷ್ಟೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಟೇಬಲ್ ಬದಲು ಬಿಕಾಂ ಒಂದು ಸಾಲು ಸಾಕು.

ಆದರೆ ಏರಿಯಾ ಹೆಸರು ಹಾಕಿ. ಪೂರ್ತಿ ವಿಳಾಸ ಬೇಡ, "ಬಾಗಲಗುಂಟೆ, ಬೆಂಗಳೂರು" ಸಾಕು. ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿ ಕಡೆಯ ಕಂಪನಿಗಳಿಗೆ ಹತ್ತಿರ ಇರುವವರು ಬೇಕು. ಅದರ ಪಕ್ಕದಲ್ಲೇ "ತಕ್ಷಣ ಸೇರಬಲ್ಲೆ" ಅಂತಲೂ ಹಾಕಿ. ನೋಟಿಸ್ ಪೀರಿಯಡ್ ಇಲ್ಲದಿರುವುದು ನಿಮಗೆ ಪ್ಲಸ್.

---

ಬಾಗಲಗುಂಟೆ_ಬಿಕಾಂ:

ಅಕ್ಕ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ ನೋಡಿದೆ. ಒಂದು ಅಕ್ಷರವೂ ಬರಲಿಲ್ಲ. ಎರಡು ತಿಂಗಳು ನಾನು ಕಳಿಸಿದ್ದೆಲ್ಲ ಫೋಟೋ ಅಂತ ಗೊತ್ತಾಗಿ ಸಂಕಟ ಆಯಿತು.

ಮಗಳು ಮಲಗಿದ ಮೇಲೆ ನೋಟ್‌ಬುಕ್ ಹಿಡಿದು ಕೂತೆ. ಮೂರು ಪುಟ ಆಯಿತು! ಬಿಲ್ ಬಂಡಲ್ ಬಗ್ಗೆ ಅಕ್ಕ ಕೇಳಿದ್ದು ಓದಿ ಎಲ್ಲ ಕಣ್ಣ ಮುಂದೆ ಬಂತು. ಬಟ್ಟೆ ಅಂಗಡಿಯವರು ಬಿಲ್ಲುಗಳನ್ನು ಕ್ಯಾರಿ ಬ್ಯಾಗಿನಲ್ಲಿ ತುಂಬಿ 9ನೇ ತಾರೀಖು ಸಂಜೆ ತಂದು ಕೊಡುತ್ತಿದ್ದರು. ಅದನ್ನು ತಾರೀಖಿನ ಪ್ರಕಾರ ಜೋಡಿಸಿ 11ರೊಳಗೆ ಮುಗಿಸುತ್ತಿದ್ದೆವು. ನನ್ನ ಪಾಲಿಗೆ 22 ಪಾರ್ಟಿ ಇದ್ದರು. 16 ತಿಂಗಳು ತಿಂಗಳು, 6 ಮೂರು ತಿಂಗಳಿಗೊಮ್ಮೆ. ಕೊನೇ ವರ್ಷದಲ್ಲಿ ಲೇಟ್ ಫೀ ಬಿದ್ದದ್ದು ಎರಡೇ ಸಲ.

ಮೈದುನನ ಅಂಗಡಿಯಲ್ಲಿ ದರ ಬದಲಿಸಿದ್ದು ನಾನೇ ಅಕ್ಕ. 21ನೇ ತಾರೀಖು ರಾತ್ರಿ ಕ್ಲೋಸಿಂಗ್ ಸ್ಟಾಕ್ ಪಟ್ಟಿ ಅವನು ವಾಟ್ಸಾಪ್ ಮಾಡಿದ. ಸಿಮೆಂಟ್, ಪೇಂಟ್, ಪೈಪು ಒಂದೊಂದೇ ಐಟಮ್ ತೆಗೆದು ನೋಡಿದೆ. ಪೇಂಟ್, ಪೈಪು ಮೊದಲೂ 18, ಈಗಲೂ 18. ಬದಲಾದದ್ದು ಸಿಮೆಂಟು. 22ಕ್ಕೆ ಅಂಗಡಿ ತೆಗೆಯುವ ಹೊತ್ತಿಗೆ ರೆಡಿ ಇತ್ತು.

ಈಗ ಹೀಗೆ ಬರೆದಿದ್ದೇನೆ, ಇಂಗ್ಲಿಷಿನಲ್ಲಿರುವುದನ್ನು ಇಲ್ಲಿ ಕನ್ನಡದಲ್ಲಿ:

"ಆಡಿಟರ್ ಕಚೇರಿ, ದಾವಣಗೆರೆ. ಆಗಸ್ಟ್ 2017 – ಮಾರ್ಚ್ 2022. 22 ವ್ಯಾಪಾರಿಗಳ (ಅಕ್ಕಿ ಗಿರಣಿ, ಬಟ್ಟೆ, ಮೆಡಿಕಲ್, ಹೋಟೆಲ್) ಜಿಎಸ್‌ಟಿಆರ್-1 ಮತ್ತು 3ಬಿ ತಯಾರಿಸಿ ಫೈಲ್ ಮಾಡಿದ್ದೇನೆ. 2ಬಿ ಜೊತೆ ಪರ್ಚೇಸ್ ಬಿಲ್ಲುಗಳನ್ನು ಎಕ್ಸೆಲ್ ವಿಲುಕಪ್‌ನಲ್ಲಿ ಮ್ಯಾಚ್ ಮಾಡುತ್ತಿದ್ದೆ. ಟಿಡಿಎಸ್ ಚಲನ್, 26ಕ್ಯೂ ರಿಟರ್ನ್. 9 ಬ್ಯಾಂಕ್ ಖಾತೆಗಳ ಬಿಆರ್‌ಎಸ್. ಇ-ವೇ ಬಿಲ್. ಟ್ಯಾಲಿ ಇಆರ್‌ಪಿ 9, ಟ್ಯಾಲಿ ಪ್ರೈಮ್.

ಮಾರ್ಚ್ 2022ರಿಂದ ಈವರೆಗೆ. ಮಗುವಿನ ಆರೈಕೆ. ಜೊತೆಗೆ ಹರಿಹರದ ಕುಟುಂಬದ ಹಾರ್ಡ್‌ವೇರ್ ಅಂಗಡಿಯ ಲೆಕ್ಕ: ತಿಂಗಳಿಗೆ ಸುಮಾರು 120 ಬಿಲ್ ಎಂಟ್ರಿ, ಸೆಪ್ಟೆಂಬರ್ 2025ರ ದರ ಬದಲಾವಣೆಯನ್ನು ಟ್ಯಾಲಿಯಲ್ಲಿ ಜಾರಿ ಮಾಡಿದ್ದು."

ಸರಿ ಇದೆಯಾ? ಐಎಂಎಸ್ ನಾನು ಮಾಡಿಲ್ಲ. ಅಂಗಡಿಯ ರಿಟರ್ನ್ ಊರಿನ ಆಡಿಟರೇ ಹಾಕುತ್ತಾರೆ.

---

ಲೆಡ್ಜರ್_ಅಕ್ಕ:

ಇದು ರೆಸ್ಯೂಮ್! ಮೊದಲಿನದು ನೋಡಿದ್ದರೆ ನಾನೂ ಪಕ್ಕಕ್ಕಿಡುತ್ತಿದ್ದೆ. ಇದನ್ನು ಓದಿದರೆ ಫೋನ್ ಮಾಡುತ್ತೇನೆ.

ಐಎಂಎಸ್ ಮಾಡಿಲ್ಲ ಅಂದರೆ ಬರೆಯಬೇಡಿ, ನೀವು ಬರೆದಿಲ್ಲ, ಅದೇ ಸರಿ. ಆದರೆ ಕಲಿಯಿರಿ. ಊರಿನ ಆಡಿಟರಿಗೆ ಹೇಳಿ, ಮುಂದಿನ ತಿಂಗಳು ಅಂಗಡಿಯದನ್ನು ಅವರು ಮಾಡುವಾಗ ಪಕ್ಕದಲ್ಲಿ ಕೂತಂತೆ ವಿಡಿಯೋ ಕಾಲ್‌ನಲ್ಲಿ ನೋಡಿ.

ಎರಡು ತಿದ್ದುಪಡಿ. ಒಂದು, ಲೇಟ್ ಫೀ ಎರಡೇ ಸಲ ಅನ್ನುವುದನ್ನು ಯಾಕೆ ಬಿಟ್ಟಿರಿ? 22 ಪಾರ್ಟಿಯ ಸಾಲಿನ ಕೊನೆಯಲ್ಲಿ ಸೇರಿಸಿ. ಅದು ನಿಮ್ಮ ಶಿಸ್ತು ತೋರಿಸುತ್ತದೆ. ಎರಡು, ಈಗ ಅಂಗಡಿ ಕೆಲಸ ಎರಡನೆಯದಾಗಿದೆ. ಅದನ್ನು ಮೇಲೆ ತನ್ನಿ. ಈಗ ಮಾಡುತ್ತಿರುವ ಕೆಲಸ ಯಾವತ್ತೂ ಮೊದಲು ಬರಬೇಕು. ಓದುವವರ ಕಣ್ಣು 2022ರಲ್ಲಿ ನಿಲ್ಲಬಾರದು, 2025ರಲ್ಲಿ ನಿಲ್ಲಬೇಕು.

ಫೈಲಿನ ಹೆಸರನ್ನೂ ನೋಡಿ. ನನಗೆ ಬಂದ 84ರಲ್ಲಿ ಎಷ್ಟೋ ಫೈಲಿಗೆ "ನ್ಯೂ ರೆಸ್ಯೂಮ್ 2" ಅಂತ ಇತ್ತು, ಯಾರದು ಯಾವುದು ಅಂತ ಆಮೇಲೆ ಸಿಗದೆ ಒದ್ದಾಡಿದೆ. ನಿಮ್ಮ ಹೆಸರು, ಆಮೇಲೆ "ಅಕೌಂಟ್ಸ್" ಅಂತ ಇಡಿ. ಮೇಲ್ ಖಾಲಿ ಕಳಿಸಬೇಡಿ. ಮೂರು ಸಾಲು ಬರೆಯಿರಿ: ಯಾವ ಕೆಲಸಕ್ಕೆ, ಏನು ಬರುತ್ತದೆ, ಎಲ್ಲಿ ಇದ್ದೀರಿ.

---

ಬಾಗಲಗುಂಟೆ_ಬಿಕಾಂ:

ಅಕ್ಕ, ಹನ್ನೊಂದು ದಿನ ಆಯಿತು, ಇಲ್ಲಿಗೆ ಬಂದು ಹೇಳಲೇಬೇಕು ಅನಿಸಿತು. ಹೊಸ ರೆಸ್ಯೂಮ್ 14 ಕಡೆ ಕಳಿಸಿದೆ. ಮೂರು ಫೋನ್ ಬಂತು. ಒಂದು ಕಡೆ ಸಂಬಳ ತೀರಾ ಕಡಿಮೆ, ಇನ್ನೊಂದು ಬೊಮ್ಮಸಂದ್ರ, ದಿನಾ ಹೋಗಿ ಬರಲು ಆಗುವುದಿಲ್ಲ. ಮೂರನೆಯದು ಜಾಲಹಳ್ಳಿ ಕ್ರಾಸ್ ಹತ್ತಿರ ಪ್ಯಾಕಿಂಗ್ ಬಾಕ್ಸ್ ಮಾಡುವವರು. ಅವರು ಮೊದಲು ಕೇಳಿದ್ದು ಗ್ಯಾಪ್ ಅಲ್ಲ, "ಸಿಮೆಂಟ್ ದರ ಬದಲಾದಾಗ ಹಳೇ ಸ್ಟಾಕಿಗೆ ಏನು ಮಾಡಿದಿರಿ" ಅಂತ. 22ರಿಂದ ಮಾರಿದ್ದಕ್ಕೆಲ್ಲ ಹೊಸ ದರವೇ, ಹಳೇ ದರದಲ್ಲಿ ತಗೊಂಡ ಇನ್‌ಪುಟ್ ಹಾಗೇ ಉಳಿಯುತ್ತದೆ ಅಂದೆ. ಗುರುವಾರ 11 ಗಂಟೆಗೆ ಬರಲು ಹೇಳಿದ್ದಾರೆ. ಟ್ಯಾಲಿಯಲ್ಲಿ ಎಂಟ್ರಿ ಹಾಕಿಸಿ ನೋಡುತ್ತಾರಂತೆ. ಏನು ಕೇಳಬಹುದು ಅಕ್ಕ?

---

ಲೆಡ್ಜರ್_ಅಕ್ಕ:

ಓದಿ ತುಂಬಾ ಖುಷಿ ಆಯಿತಮ್ಮ. ಕಾರ್ಖಾನೆಯವರು ಅಂದರೆ ಲಾರಿ ಬಾಡಿಗೆ ಕೇಳಿಯೇ ಕೇಳುತ್ತಾರೆ. ಟ್ರಾನ್ಸ್‌ಪೋರ್ಟಿನವರು ಜಿಎಸ್‌ಟಿ ಹಾಕದೆ ಬಿಲ್ ಕೊಟ್ಟರೆ 5 ಪರ್ಸೆಂಟ್ ಆರ್‌ಸಿಎಂನಲ್ಲಿ (ಬಿಲ್ ಕೊಟ್ಟವರ ಬದಲು ತಗೊಂಡವರು ತೆರಿಗೆ ಕಟ್ಟುವ ಪದ್ಧತಿ) ನಾವೇ ಕಟ್ಟಬೇಕು. ನಗದಾಗಿ ಕಟ್ಟಬೇಕು, ಇನ್‌ಪುಟ್‌ನಿಂದ ಕಳೆಯುವ ಹಾಗಿಲ್ಲ. ಕಟ್ಟಿದ ಮೇಲೆ ಅದೇ ತಿಂಗಳು ಇನ್‌ಪುಟ್ ತಗೊಳ್ಳಬಹುದು. ಆ ಎಂಟ್ರಿ ಬುಧವಾರ ರಾತ್ರಿ ಮೈದುನನ ಟ್ಯಾಲಿಯಲ್ಲೇ ಒಂದು ಬೇರೆ ಕಂಪನಿ ಕ್ರಿಯೇಟ್ ಮಾಡಿ ಹತ್ತು ಸಲ ಹಾಕಿ ನೋಡಿ. ಜೊತೆಗೆ ಎಂಎಸ್‌ಎಂಇಯಲ್ಲಿ ನೋಂದಾಯಿಸಿದ ಸೂಕ್ಷ್ಮ, ಸಣ್ಣ ಉದ್ದಿಮೆಯ ಸಪ್ಲೈಯರ್‌ಗೆ 45 ದಿನದೊಳಗೆ ದುಡ್ಡು ಕೊಡುವ ವಿಷಯ, ಒಪ್ಪಂದ ಬರಹದಲ್ಲಿ ಇಲ್ಲದಿದ್ದರೆ 15 ದಿನ. ನೀವು ಆಫೀಸ್ ಬಿಟ್ಟ ಮೇಲೆ ಇನ್‌ಕಮ್ ಟ್ಯಾಕ್ಸಿನಲ್ಲಿ ಬಂದದ್ದು ಇದು, ಒಂದು ಸಲ ಓದಿಕೊಳ್ಳಿ.

ರೆಸ್ಯೂಮ್ ಎರಡು ಪ್ರಿಂಟ್ ಇಟ್ಟುಕೊಳ್ಳಿ, ಒಂದು ಅವರಿಗೆ, ಒಂದು ನಿಮ್ಮ ಕೈಗೆ. ಮೂರು ಪುಟ ಬರೆದ ನೋಟ್‌ಬುಕ್ಕನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ, ಹೊರಗೆ ಕಾಯುವಾಗ ಓದಲು. ಗುರುವಾರ ಸಂಜೆ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.